ಹದಿನೇಳನೇ ಕೊಪ್ಪರಿಗೆ

ನಮ್ಮದು ಬಾಡಿಗೆಯ ಅಂಗಡಿ,
ಕಟಪಾಡಿಯಿಂದ ಶಿರ್ವಕ್ಕೆ ತಿರುಗುವಲ್ಲಿ.
ಮದುವೆಗೂ ನಾವೇ, ಬೊಜ್ಜಕ್ಕೂ ನಾವೇ.
ಕುರ್ಚಿ ಅದೇ, ಶಾಮಿಯಾನ ಅದೇ,
ಮದುವೆಗೆ ಕೆಂಪು ಜಾಲರಿ ಕಟ್ಟುತ್ತೇವೆ,
ಬೊಜ್ಜಕ್ಕೆ ಬಿಚ್ಚುತ್ತೇವೆ.

ಪಾತ್ರೆಗಳ ಹೊಟ್ಟೆಯ ಮೇಲೆ ಬಿಳಿ ಬಣ್ಣದ ನಂಬರು,
ಒಂದರಿಂದ ಇಪ್ಪತ್ತಾರು.
ಹದಿನೇಳನ್ನು ಯಾರೂ ಕೇಳುವುದಿಲ್ಲ.
ಕೇಳುವುದಿಲ್ಲ ಅಂದರೆ, ಕೇಳುತ್ತಾರೆ,
ಟೆಂಪೋಗೆ ಹೇರುವಾಗ, ಮೆಲ್ಲ:
"ಅದು ಇದರಲ್ಲಿ ಇಲ್ಲ ಅಲ್ಲ?"

ಅದು ಹೋದ ಮನೆಯಲ್ಲಿ ಮೂರು ತಿಂಗಳೊಳಗೆ
ಮತ್ತೊಮ್ಮೆ ಎಲೆ ಹಾಕಬೇಕಾಗುತ್ತದಂತೆ.
ಪಾಂಗಾಳದ ಮದುಮಗ, ಹೆದ್ದಾರಿಯಲ್ಲಿ,
ಅಂಗೈಯ ಮದರಂಗಿ ಮಾಸುವ ಮೊದಲು.
ಉದ್ಯಾವರದಲ್ಲಿ ಸೀಮಂತ ಮುಗಿದು ಒಂಬತ್ತನೇ ದಿನ.
ಲಿಲ್ಲಿ ಮಥಾಯಸರ ರೋಸ್ ಆದ ಮರುದಿನ
ಬಾವಿ ಕೆಸರು ತೆಗೆಯಲು ಇಳಿದ ಅವಳ ಅಣ್ಣ.
ಅಡುಗೆಯ ಸುಬ್ರಾಯ ಭಟ್ರು ಅದನ್ನು
ಸೌಟಿನಿಂದ ಒಮ್ಮೆ ಬಡಿದು ಕಿವಿಗೊಡುತ್ತಾರೆ.
"ಸ್ವರ ಸರಿ ಇಲ್ಲ ಮಾರಾಯ್ತಿ."

ನಾನು ಲೆಕ್ಕ ಬರೆಯುವವಳು.
ಹತ್ತನೇ ಕ್ಲಾಸಿನ ರಜೆಯಲ್ಲಿ ಈ ಸ್ಟೂಲಿನಲ್ಲಿ ಕೂತವಳು, ಎದ್ದಿಲ್ಲ.
ಒಂದು ಆದಿತ್ಯವಾರ ಹಳೆಯ ಪುಸ್ತಕ ಎಲ್ಲ ಇಳಿಸಿ ಎಣಿಸಿದೆ.
ಹೆಸರು ಕೆಡುವ ಮೊದಲು ಹದಿನೇಳು ಹೋದದ್ದು
ಇನ್ನೂರ ನಲವತ್ತು ಮನೆಗೆ.
ಸಾವು, ನನಗೆ ಗೊತ್ತಿದ್ದಷ್ಟು, ಐದು.
ಒಂಬತ್ತು ನಂಬರಿನದು ಎಲ್ಲರಿಗೂ ಬೇಕು, ಪಾಯಸಕ್ಕೆ ಲಾಯಕ್ಕಂತೆ.
ಅದಕ್ಕೆ ಏಳು.

ಅಪ್ಪನಿಗೆ ಓದಿ ಹೇಳಿದೆ.
ಬೀಡಿ ಹೊತ್ತಿಸಿದರು. "ಲೆಕ್ಕ ಸರಿ ಉಂಟು.
ಆದರೂ ಹೊರಗೆ ತೆಗೆಯುವುದು ಬೇಡ."
ಮಾರುವ ಅಂದೆ, ತಾಮ್ರಕ್ಕೆ ಒಳ್ಳೆ ರೇಟು ಉಂಟಲ್ಲ.
ಮಾರುವುದೂ ಬೇಡ.
ಯಾರೂ ಒಯ್ಯದ ಪಾತ್ರೆಗೆ ವರ್ಷ ವರ್ಷ ಕಲಾಯಿ ಮಾತ್ರ ತಪ್ಪಿಸಲಿಲ್ಲ.

ಕಲಾಯಿಯ ಮೋನಬ್ಬ ಬ್ಯಾರಿ
ಕಂಠದ ಮಸಿಯನ್ನು ಹುಣಸೆಹುಳಿಯಲ್ಲಿ ಉಜ್ಜಿ ಕರೆದರು:
"ಇಲ್ಲಿ ಎಂತ ಬರೆದದ್ದು, ಓದು."
ಚುಕ್ಕಿ ಚುಕ್ಕಿ ಕೊರೆದ ಅಕ್ಷರ.
ದುಗ್ಗು ಪೂಜಾರ್ತಿ, ಮಟ್ಟು.
ಮೇಲೆ ಸುತ್ತಿಗೆಯ ನಾಲ್ಕೈದು ಪೆಟ್ಟು,
ಅಳಿಸಲು ಹೊರಟವರು ಅರ್ಧದಲ್ಲಿ ಕೈಬಿಟ್ಟ ಹಾಗೆ.

ಪುಸ್ತಕದಲ್ಲಿ ಪ್ರತಿ ಪಾತ್ರೆಗೂ ಒಂದು ಸಾಲು.
ಹದಿನಾರು: ಬಂದರಿನ ಅಂಗಡಿ, ನಾನೂರ ಐವತ್ತು.
ಹದಿನೆಂಟು: ಅದೇ ಅಂಗಡಿ.
ನಡುವೆ ಖಾಲಿ.

ಆ ವರ್ಷದ ಬಾಡಿಗೆಯ ಪುಟದಲ್ಲಿ ಸಿಕ್ಕಿತು:
ಮಟ್ಟು, ಬೊಜ್ಜ.
ಕುರ್ಚಿ ನೂರು, ಚಾಪೆ ಮೂವತ್ತು, ಗ್ಯಾಸ್‌ಲೈಟು ಎರಡು.
ಬಾಕಿ ನೂರ ಎಂಬತ್ತು.
ಮುಂದೆ ಅಪ್ಪನ ಅಕ್ಷರ: ವಸೂಲಾಯಿತು.
ಹೇಗೆ ಅಂತ ಬರೆದಿಲ್ಲ.

ಕೇಳಬಹುದಿತ್ತು. ಒಂದು ಇಡೀ ಮಳೆಗಾಲ
ನಾವಿಬ್ಬರೂ ಅಂಗಡಿಯಲ್ಲಿ ಎದುರುಬದುರು ಕೂತಿದ್ದೆವು,
ಚಾಪೆಗಳಿಗೆ ಬೂಸಲು ಹಿಡಿಯುವುದನ್ನು ನೋಡುತ್ತ.

ಈ ಸುಗ್ಗಿಯಲ್ಲಿ ಅಪ್ಪ ಹೋದರು.
ಮದುವೆಯ ಸೀಸನ್ನು, ಪಾತ್ರೆಗಳೆಲ್ಲ ಊರೂರಿಗೆ ಹೋಗಿ
ನಮ್ಮ ಅಂಗಳಕ್ಕೆ ಉಳಿದದ್ದು ಅದೊಂದೇ.
ಭಟ್ರು ಬಡಿದು ನೋಡಲಿಲ್ಲ.
ಗುಳ್ಳದ ಸಾಂಬಾರು ಅದರಲ್ಲಿಯೇ ಕುದಿಯಿತು.
ಮುನ್ನೂರು ಜನ ಉಂಡರು. ಕೆಲವರು ಎರಡನೇ ಸಲ ಹಾಕಿಸಿಕೊಂಡರು.

ಮರುವಾರ ಅದನ್ನು ಟೆಂಪೋದಲ್ಲಿಟ್ಟು ಮಟ್ಟುವಿಗೆ ಹೋದೆ.
ದುಗ್ಗುವಿನ ಮೊಮ್ಮಗಳು ಗುಳ್ಳದ ಗದ್ದೆಗೆ ನೀರು ಬಿಡುತ್ತಿದ್ದಳು.
ಒದ್ದೆ ಬೆರಳಿನಿಂದ ಚುಕ್ಕಿಗಳನ್ನು ಒಂದೊಂದೇ ಮುಟ್ಟಿದಳು,
ಅಜ್ಜಿಯ ಹೆಸರು ಮುಗಿಯುವವರೆಗೆ.
ಆಮೇಲೆ ಅದರ ಹೊಟ್ಟೆ ನೋಡಿದಳು.
"ಇದು ಆ ಹದಿನೇಳಾ?"
ಕೈಯನ್ನು ಲಂಗಕ್ಕೆ ಒರೆಸಿಕೊಂಡಳು.

ವಾಪಸು ತಂದೆ.
ಖಾಲಿ ಬಿಟ್ಟ ಸಾಲಿನಲ್ಲಿ ಹೆಸರು ಬರೆದೆ,
ಕ್ರಯದ ಜಾಗಕ್ಕೆ ಎಂತ ಬರೆಯುವುದೆಂದು ತಿಳಿಯದೆ ಪೆನ್ನು ಮುಚ್ಚಿದೆ.

ಮೂರು ತಿಂಗಳಿಗೆ ಇನ್ನು ಹನ್ನೊಂದು ದಿನ ಉಂಟು.
ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ.
ತಮ್ಮನ ಬೈಕಿನ ಕೀಯನ್ನು ಮಾತ್ರ
ಲೆಕ್ಕದ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದೇನೆ.