ಎನ್ನಲಾದ

ಸಂಜೆ ಪತ್ರಿಕೆ ನಮ್ಮದು. ಐದೂಕಾಲರ ಮೈಸೂರು ಗಾಡಿ
ಹೊರಡುವ ಮೊದಲು ಮಂಡ್ಯ ಬಸ್‌ಸ್ಟ್ಯಾಂಡ್ ಮುಟ್ಟಬೇಕು.
ನಾನು ಪುಟ ಕಟ್ಟುವವಳು.
ಹದಿಮೂರು ವರ್ಷ, ನಾಲ್ಕು ಪುಟ, ಒಂದೇ ಕುರ್ಚಿ.
ಸುದ್ದಿ ನನ್ನದಲ್ಲ, ಅಕ್ಷರ ಮಾತ್ರ ನನ್ನ ಕೈಯವು
ಎಂದುಕೊಂಡೇ ಇಷ್ಟು ವರ್ಷ ನಿದ್ದೆ ಮಾಡಿದ್ದೇನೆ.

ಇವತ್ತಿನ ತಲೆಬರಹ:
‘ಮಾಜಿ ಸೈನಿಕ’ ಎನ್ನಲಾದ ಕೆಂಪಬೋರಯ್ಯ
ಗುಂಡು ಹಾರಿಸಿದ್ದೆಲ್ಲಿ?
ಕೊಕ್ಕೆ ದೊಡ್ಡದಿರಲಿ ಎಂದರು ಸಂಪಾದಕರು.
ಪ್ರಶ್ನೆಚಿಹ್ನೆಯನ್ನು ಕಾಲಂ ತುಂಬ ಎಳೆದೆ.
ಹದಿನೇಳು ವರ್ಷ ಪಡೆಯಲ್ಲಿ ಅಡುಗೆಯವನಂತೆ,
ಸೌಟು ಹಿಡಿದವರೆಲ್ಲ ಯೋಧರೇ ಎಂದು
ಹೆಸರು ಹೇಳಲಿಚ್ಛಿಸದ ಹಿರಿಯರೊಬ್ಬರು ಕೇಳಿದ್ದಾರಂತೆ.
ಹಿರಿಯರು ಪಕ್ಕದ ಕೋಣೆಯಲ್ಲಿ
ಬನ್ನು ಅದ್ದಿಕೊಂಡು ಟೀ ಕುಡಿಯುತ್ತಿದ್ದರು.

ಅದೇ ಪುಟದ ಕೆಳಗೆ, ಬಣ್ಣದಲ್ಲಿ, ಸುಜಯೇಂದ್ರ.
ಮೈಮೇಲೆ ಎಲೆಮಚ್ಚೆಯ ಜಾಕೆಟ್ಟು, ಇಸ್ತ್ರಿಯ ಗೆರೆ ಇನ್ನೂ ಮುರಿದಿಲ್ಲ.
ರಕ್ತದಲ್ಲೇ ದೇಶಭಕ್ತಿ. ಶಾಲೆಯಲ್ಲೇ ಎನ್‌ಸಿಸಿ ಶಿಸ್ತು.
ಉದ್ಧರಣ ಚಿಹ್ನೆ ಇಲ್ಲ, ಕೊಕ್ಕೆ ಇಲ್ಲ,
ಎನ್ನಲಾದ ಎಂಬುದು ಹತ್ತಿರವೂ ಸುಳಿದಿಲ್ಲ.
ಆ ಹತ್ತು ದಿನದ ಕ್ಯಾಂಪಿನಲ್ಲಿ ನಾನೂ ಇದ್ದೆ, ಹುಡುಗಿಯರ ಸಾಲಿನಲ್ಲಿ.
ನಾಲ್ಕನೇ ದಿನ ಅವರಪ್ಪನ ಜೀಪು ಬಂತು,
ಹಾಸಿಗೆ ಒತ್ತುತ್ತದೆ ಎಂದು ಹುಡುಗ ಹೊರಟೇಹೋದ.
ಯಾರೂ ಕೇಳಲಿಲ್ಲ.
ನಾನೂ ಹೇಳಲಿಲ್ಲ.

ಕೆಂಪಬೋರಯ್ಯನ ಫೋಟೋ ಹುಡುಕಿದೆ.
ಸಿಕ್ಕಿದ್ದು ಐದು ವರ್ಷ ಹಿಂದಿನದು, ಫೈಲಿನ ಹೆಸರು
ವೀರಯೋಧ ಫೈನಲ್ ಎರಡು.
ಆಗ ಆತ ನಮ್ಮ ಯಜಮಾನರ ಪಕ್ಷ.
ಆಗ ಈ ಮುಖದ ಮೇಲೆಯೇ ನಾನು ಕೂರಿಸಿದ್ದೆ
ಗಡಿಯ ಗರುಡ, ಮೂವರು ವೈರಿಗಳ ಮಣಿಸಿದ ಮಂಡ್ಯದ ಹೈದ.
ಅದೇ ಮೀಸೆ, ಅದೇ ಬಿಳಿ ಅಂಗಿ, ಕಿವಿಯ ಹತ್ತಿರ ಅದೇ ಮಚ್ಚೆ.
ಈ ಸಲ ಸ್ವಲ್ಪ ಕಪ್ಪಾಗಿಸಿ ಎಂದಿದ್ದರು. ಕಪ್ಪಾಗಿಸಿದೆ.

ಮೂರೂವರೆಗೆ ಆತನೇ ಬಂದ, ಚಪ್ಪಲಿ ಹೊರಗೆ ಬಿಟ್ಟು.
ನಮ್ಮಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ.
ಸುದ್ದಿ ಅಚ್ಚಿಗೆ ಮೊದಲೇ ಊರಿಗೆ ಹಬ್ಬಿತ್ತು.
ಜಗಳಕ್ಕೆ ಅಂದುಕೊಂಡೆ. ಜೇಬಿನಿಂದ ತೆಗೆದದ್ದು
ಮಡಿಕೆಯಲ್ಲಿ ಹರಿದಿದ್ದ ಆ ಗರುಡನ ಕತ್ತರಿಕೆ.
“ಇದೂ ಸುಳ್ಳು ಕನವ್ವ. ಆವತ್ತೂ ಹೇಳಕ್ಕೆ ಬಂದಿದ್ದೆ.
ಈ ಕುರ್ಚೀಲಿ ನೀನೇ ಇದ್ದೆ. ಜಾಗ ಇಲ್ಲ ಅಂದೆ.
ನಾನ್ ಯಾರ್ನೂ ಮಣಿಸ್ನಿಲ್ಲ. ನೂರಾ ನಲವತ್ತು ಜನಕ್ಕೆ
ರೊಟ್ಟಿ ಬೇಯ್ಸಿವ್ನಿ. ಹಿಟ್ಟು ಕಲ್ಲಾಗೋಯ್ತದೆ ಅಂತ
ರಾತ್ರಿ ಬಗಲಲ್ಲಿಟ್ಕಂಡು ಮಲಗ್ತಿದ್ದೆ, ಮಗೀನಂಗೆ.
ರಜ ಮುಗುಸ್ಕೊಂಡು ಹೋಗುವಾಗ ಒಂದ್ಸಲ ರಾಗಿಹಿಟ್ಟು ಹೊತ್ಕಂಡೋದೆ.
ಪಂಜಾಬ್ನೋರು ಮುದ್ದೇನ ಅಗೀತಾ ಕುಂತ್ಕಂಡ್ರು!
ನುಂಗ್ರಪ್ಪಾ ಅಂತ ಹೇಳ್ಕೊಡೋ ಹೊತ್ಗೆ ಬೆಳ್ಗಾಯ್ತು.
ಇದ್ನ ಬರ್ಕೊ. ಎರಡಕ್ಕೂ ಸೇರ್ಸಿ ಒಂದೇ ತಿದ್ದುಪಡಿ.”

ಸಂಪಾದಕರು ಗಾಜಿನ ಹಿಂದಿನಿಂದಲೇ
ಎರಡು ಬೆರಳು ಕತ್ತರಿಯಂತೆ ಆಡಿಸಿದರು.
ಮೂಲೆಯಲ್ಲಿದ್ದ ಇಷ್ಟು ಜಾಗಕ್ಕೆ
ಬೋರ್‌ವೆಲ್ ಪಂಪಿನ ಜಾಹೀರಾತು ಬಂದಿತ್ತು.
ಜಾಗ ಇಲ್ಲ ಎಂದೆ. ಎರಡನೆಯ ಸಲ.

ಆತ ತಲೆಯಾಡಿಸಿದ. ಕನ್ನಡಕ ಏರಿಸಿ
ನನ್ನ ಹೆಗಲ ಮೇಲಿಂದ ಪರದೆಗೆ ಬಗ್ಗಿದ.
ತನ್ನ ಮುಖವನ್ನು ದಾಟಿ, ಕೊಕ್ಕೆಯನ್ನು ದಾಟಿ,
ಜಾಕೆಟ್ಟಿನವನನ್ನೂ ದಾಟಿ, ಬೆರಳಿಟ್ಟದ್ದು ತಳದ ಪಟ್ಟಿಯಲ್ಲಿ:
“ಅಚ್ಚು ಬೆಲ್ಲದ ರೇಟು ನಿನ್ನೇದು ಕನವ್ವ.
ಇವತ್ತು ನಲವತ್ತು ರೂಪಾಯಿ ಇಳ್ದದೆ.”

ತಕ್ಷಣ ತಿದ್ದಿದೆ.
ಯಾರನ್ನೂ ಕೇಳಬೇಕಾಗಲಿಲ್ಲ, ದಾಖಲೆ ಬೇಡವಾಯಿತು.
ಬೆಲ್ಲದ ಬೆಲೆ ತಪ್ಪಿದರೆ
ಕತ್ತಲಾಗುವುದರೊಳಗೆ ಮಂಡಿಯಿಂದ ಫೋನ್ ಬರುತ್ತದೆ.