ನೀರಗೆಳತಿ

ಜೆಜು ದ್ವೀಪದ ಕರಿಗಲ್ಲ ದಡದಲ್ಲಿ
ಗಾಳಿಗೆ ಅಡ್ಡ ಕಟ್ಟಿದ ಗುಂಡು ಗೋಡೆ, ನಡುವೆ ಬೆಂಕಿ.
ಇಲ್ಲಿ ಬಟ್ಟೆ ಬಿಚ್ಚಿ ರಬ್ಬರು ತೊಡುತ್ತೇವೆ,
ಗಂಡಂದಿರನ್ನು ಬೈಯುತ್ತೇವೆ.
ಇಲ್ಲೇ, ಬೊರಾಮ್, ನಿನ್ನೆ ನೀನು ಕೇಳಿದ್ದು:
"ಅಜ್ಜಿ, ನಾನು ಯಾರ ಜೊತೆ ಮುಳುಗಲಿ?"

ಆಗ ಉತ್ತರ ಹೇಳಲಿಲ್ಲ. ಬಾಯಲ್ಲಿ ಸುಟ್ಟ ಗೆಣಸಿತ್ತು.

ನನ್ನ ಹತ್ತೊಂಬತ್ತಕ್ಕೆ ಮಲ್‌ಸುನ್ ಇದ್ದಳು.
ಅವಳು ನಕ್ಕರೆ ಈ ಬೆಂಕಿಗೆ ಸೌದೆ ಬೇಡ.
ನೀರಿನಡಿ ಎರಡು ಬೆರಳೆತ್ತುವಳು: ಇನ್ನೆರಡು.
ಮೇಲೆ ಬಂದರೆ ನನ್ನ ಬಲೆಚೀಲಕ್ಕೆ ಕಣ್ಣು ಹಾಯಿಸಿ
"ಇಷ್ಟೇನಾ?" ಅನ್ನುವಳು.
ಅಷ್ಟೇ. ಬೇರೆ ಕೆಟ್ಟದ್ದೇನೂ ಆಕೆ ಮಾಡಿದವಳಲ್ಲ.
ಆ "ಇಷ್ಟೇನಾ" ನನ್ನ ಹಿಂದೆ ಮನೆಗೂ ಬಂತು.
ಗಂಡನ ದುಡಿಮೆ ಎಣಿಸಿತು, ನಾದಿನಿಯ ಮನೆಯ ಹೆಂಚು ಎಣಿಸಿತು,
ಅವ್ವ ಬಡಿಸಿದ ಬಾರ್ಲಿ ಅನ್ನದ ಬಟ್ಟಲಿಗೂ
ಇಣುಕಿ ನೋಡಿತು.

ಒಂದು ದಿನ ತಟ್ಟೆಯಗಲದ ಕಿವಿಚಿಪ್ಪು
ನನ್ನ ಮೀಟುಗೋಲನ್ನು ಬಂಡೆಗೆ ಕಚ್ಚಿ ಹಿಡಿಯಿತು.
ಗೋಲಿನ ದಾರ ಮಣಿಕಟ್ಟಿಗೆ. ಎದೆ ಖಾಲಿ.
ಎರಡು ಮಾರು ಆಚೆ ಮಲ್‌ಸುನ್ ತನ್ನದನ್ನು ಕೀಳುತ್ತಿದ್ದಳು.
ತಿರುಗಿ ನೋಡುವ ಪೈಕಿಯಲ್ಲ ಅವಳು.
ನನಗದು ಮೊದಲೇ ಗೊತ್ತಿತ್ತು.

ದಾರ ಕೊಯ್ದವಳು ಒಕ್‌ಬುನ್,
ಆಮೆ ಎಂದು ನಾವು ಆಡಿಕೊಳ್ಳುತ್ತಿದ್ದವಳು,
ಚಿಕ್ಕ ಚಿಪ್ಪು ಸಿಕ್ಕರೆ ಅಂಗೈಯಲ್ಲಿ ಅಳೆದು
ಇದ್ದಲ್ಲೇ ವಾಪಸಿಡುತ್ತಿದ್ದವಳು.
ಮೇಲೆ ತಂದು, ಸೋರೆಬುರುಡೆಗೆ ನನ್ನ ಗದ್ದ ಆನಿಸಿ,
ಕೆನ್ನೆಗೊಂದು ಬಾರಿಸಿದಳು.
ಉಪ್ಪುನೀರಿನ ಮೇಲೆ ಬಿದ್ದ ಪೆಟ್ಟು, ಉರಿ ಬೇರೆ.

ನಲವತ್ತೊಂದು ವರ್ಷ ಅವಳ ಜೊತೆ ಮುಳುಗಿದೆ.
ಬೇಜಾರಿನ ಹೆಂಗಸು, ಸುಳ್ಳೇಕೆ ಹೇಳಲಿ.
ಒಂದೇ ಕತೆ, ಕಳೆದುಹೋದ ಹಂದಿಮರಿಯದು, ಸಾವಿರ ಸಲ.
ಆದರೆ ಅವಳು "ಸಾಕು" ಅಂದರೆ
ಬಾಗಿಲು ಮುಚ್ಚಿದಂತೆ ಕೇಳುತ್ತಿರಲಿಲ್ಲ,
ಹದ ನೋಡಿ ಒಲೆಯಿಂದ ಪಾತ್ರೆ ಇಳಿಸಿದಂತಿರುತ್ತಿತ್ತು.

ನೀರಿಂದೆದ್ದಾಗ ಉಸಿರು ಸಿಳ್ಳೆಯಾಗುತ್ತದಲ್ಲ,
ಒಬ್ಬೊಬ್ಬಳದು ಒಂದೊಂದು.
ಒಕ್‌ಬುನ್ ಮಣ್ಣಿಗೆ ಹೋದ ಚಳಿಗಾಲ
ನಾನೊಬ್ಬಳೇ ಎದ್ದು ಉಸಿರು ಬಿಟ್ಟೆ.
ದಡದಲ್ಲಿ ಪಾಚಿ ಹರವುತ್ತಿದ್ದ ಅವಳ ಮಗಳು
ಎಲ್ಲ ಕೆಳಗೆ ಚೆಲ್ಲಿ ಓಡಿ ಬಂದಳು,
ಮೊಣಕಾಲುದ್ದ ನೀರಿಗೆ, ಚಪ್ಪಲಿ ಸಮೇತ:
"ಅವ್ವಾ?"

ಮಲ್‌ಸುನ್ ಬುಸಾನಿಗೆ ಹೋದಳು. ಆಮೇಲೆ ಸುದ್ದಿಯಿಲ್ಲ.
ರಾತ್ರಿ ನೆನಪಾಗುತ್ತಾಳೆ.
ಅವಳು "ಇಷ್ಟೇನಾ" ಅಂದಾಗ ಒಮ್ಮೆಯಾದರೂ
"ಹೌದು, ಇಷ್ಟೇ" ಅನ್ನಬಹುದಿತ್ತು ನಾನು.
ಅನ್ನಲಿಲ್ಲ. ಇನ್ನೂ ಆಳಕ್ಕಿಳಿದೆ,
ನನ್ನ ಹಿಂದೆ ಅವಳೂ ಇಳಿದಳು.
ಅವಳಿಗೂ ಒಬ್ಬಳ ಸಹವಾಸವಿತ್ತಲ್ಲ. ನನ್ನದು.

ಹೆಸರು ಹೇಳುವುದಿಲ್ಲ, ಬೊರಾಮ್.
ಇವತ್ತು ಎಲ್ಲರ ಜೊತೆ ಇಳಿ.
ನೀನು ಮೇಲೆದ್ದಾಗ ಯಾರ ಕಣ್ಣು ಚೀಲಕ್ಕೆ ಹೋಗುತ್ತದೆ,
ಯಾರದು ನಿನ್ನ ತುಟಿಯ ಬಣ್ಣಕ್ಕೆ, ನೋಡಿಕೋ.
ಬೇರೆಯವರು ಎದ್ದಾಗ ನಿನ್ನದು ಎಲ್ಲಿಗೆ ಹೋಯಿತು ಅಂತ
ಸಂಜೆ ಬಂದು ನನಗೆ ಹೇಳು.

ಈಗ ಬಾ, ಗೆಣಸು ಆರುತ್ತಿದೆ.
ದೊಡ್ಡ ಅರ್ಧ ಯಾರಿಗೆ ಕೊಡುತ್ತೀಯೋ ಕೊಡು.