ಮೂರನೇ ವಾರ, ನವನಗರ

ಕಸ್ತೂರಕ್ಕ, ನಿನ್ನೆ ನೀ ಬರಲಿಲ್ಲ.
ಸೆಕ್ಟರ್ ನಲವತ್ತೇಳರ ತಿರುವಿನ್ಯಾಗ
ಹಾಲಿನ ಹುಡುಗ ಕೇಳಿದ:
"ಕೆಂಪ ಬೂಟಿನ ಅಕ್ಕಾರು ಎಲ್ಲಿ?"
ಮಂದಿ ನಗತಾರ ಅಂದಿದ್ದಿ. ನೋಡು, ದಾರಿ ಕಾಯ್ತಾರ.

ಮೀನಖಂಡ ಕಲ್ಲಾಗೇದ? ಆಗ್ಲಿ.
ಮೊದಲ ಹದಿನೈದು ದಿನ ನನಗೂ
ಮನಿ ಪಾವಟಿಗಿ ಇಳಿಯೂದಂದ್ರ ಬಾವಿ ಇಳಿದಂಗ.
ಉಸಿರು ಸಾಲಲಿಲ್ಲಂದ್ರ ನಡಿ.
ನಡದದ್ದೂ ಓಟದಾಗ ಹಿಡೀತೇವಿ;
ಲೆಕ್ಕ ಬರಿಯಾಕಿ ನಾನ ಅಲ್ಲೇನು?

ಈ ಊರನ್ನ ನೋಡು:
ಹಿನ್ನೀರು ಬಂತಂತ ಹಾಸಿಗಿ ಸುತ್ತಿ
ಇಲ್ಲಿಗೆ ಹತ್ತಿ ಬಂದದ್ದು
ಒಮ್ಮೆಗೇ ಅಲ್ಲ, ಓಣಿ ಓಣಿಯಾಗಿ,
ನಡುನಡುವ ಕುಂತು, ಏದುಸಿರು ಬಿಡಕೋತ.

ನಾಳೆ ಐದೂವರಿಗೆ ಬಾ.
ಈ ಕಂಬದಿಂದ ಆ ಕಂಬದ ತನಕ, ಅಷ್ಟ.
ಮೂರನೇ ಕಂಬದ ದೀಪ ಸುಟ್ಟದ,
ಅಲ್ಲಿ ಕುಂತು ಸುಧಾರಿಸಿಕೊಂಡ್ರ
ಹಾಲಿನವಗೂ ಕಾಣೂದಿಲ್ಲ.